ಕೇಳಿ ಅಳತೆ ತೆಗೆಯುತ್ತಿದ್ದ ಟೈಲರಮ್ಮ

ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿಗಳನ್ನು ಸಾಲಾಗಿ ಕಚ್ಚಿಕೊಂಡೇ ನಮ್ಮ ಟೈಲರಮ್ಮ ಮಾತಾಡುತ್ತಿದ್ದರು. ಸೂಜಿ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಆ ಸೋಮವಾರ ಬೆಳಿಗ್ಗೆಯೂ ಹಾಗೆಯೇ ಇದ್ದರು. ನಾನು ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಅತ್ತೆಗೆ ಕಾಫಿ ಕೊಟ್ಟು, ಯಜಮಾನರ ಲಿಂಗಪೂಜೆಗೆ ಹೂ ಬಿಡಿಸಿಟ್ಟು, ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಎಂಟೂವರೆಗೆ ಕೆಳಗೆ ಶಟರ್ ಎತ್ತುವ ಸದ್ದಾಯಿತು. ಅಡುಗೆಮನೆಯ ಕಿಟಕಿಯಿಂದ ಬಗ್ಗಿದರೆ ಅವರ ಅಂಗಡಿಯ ಮುಂಭಾಗ ಕಾಣುತ್ತದೆ. ಶಟರನ್ನು ಅರ್ಧಕ್ಕೇ ಎತ್ತಿ, ತಲೆ ಬಗ್ಗಿಸಿ ಒಳಗೆ ಹೋಗಿ, ಮಿಷನ್ನಿನ ಮೇಲೆ ಹೊದಿಸಿದ ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿ, ಆಮೇಲೆ ಉಳಿದರ್ಧ ಎತ್ತುವುದು ಅವರ ಕ್ರಮ. ನಂತರ ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು, ಒಂದು ಚೂರು ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿಗೆ ಓಡಿಸಿ, ಬಾಗಿಲಿಗೆ ಬಂದು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ದಿನವೂ ನೋಡಿದರು. ತಲೆ ಎತ್ತಿ ನನ್ನ ಕಡೆ ಕೈಯಾಡಿಸಿ, "ಒಗ್ರಣೆ ವಾಸ್ನೆ ಇಲ್ಲಿಗಂಟ ಬಂತು ಕಣಮ್ಮ" ಎಂದರು.

ನಾನು ಒಲೆಯ ಕಡೆ ತಿರುಗಿಕೊಂಡೆ. ಆ ತಿಂಗಳ ಕೊನೆಗೆ ಅವರು ಅಂಗಡಿ ಖಾಲಿ ಮಾಡಬೇಕೆಂದು ಹಿಂದಿನ ಸಂಜೆಯೇ ನಮ್ಮ ಹಜಾರದಲ್ಲಿ ತೀರ್ಮಾನವಾಗಿತ್ತು. ಅದು ಅವರಿಗೂ ಗೊತ್ತಿತ್ತು.

ನಮ್ಮ ಮನೆ ಇರುವುದು ಮಧುಗಿರಿಯಲ್ಲಿ, ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಮೇಲೆ ನಾವಿದ್ದೇವೆ, ಕೆಳಗೆ ಬೀದಿಗೆ ಮುಖ ಮಾಡಿದ ಒಂದೇ ಒಂದು ರೂಮು. ಆ ಸೋಮವಾರದ ಹೊತ್ತಿಗೆ ಟೈಲರಮ್ಮ ಆ ರೂಮಿಗೆ ಬಂದು ಒಂಬತ್ತು ವರ್ಷವಾಗಿತ್ತು. ಪಾವಗಡದ ಕಡೆಯ ಹಳ್ಳಿಯವರು. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಕೋಪ ಬಂದರೆ ಪೂರ್ತಿ ತೆಲುಗೇ. "ನಮ್ಮೂರಿಗೆ ಓದ್ರೆ ನಂಗೇ ಗುರ್ತು ಸಿಗಲ್ಲ ಕಣಮ್ಮ, ಒಲ ಎಲ್ಲ ಸೋಲಾರ್ ಗಾಜು. ಮುಖ ನೋಡ್ಕಂಡು ತಲೆ ಬಾಚ್ಕಬೌದು" ಎಂದು ನಗುತ್ತಿದ್ದರು. ಕೊರಳಲ್ಲಿ ತಾಳಿ ಇರಲಿಲ್ಲ, ಅಳತೆಯ ಟೇಪು ಮಾತ್ರ ಸದಾ ಜೋತುಬಿದ್ದಿರುತ್ತಿತ್ತು. ಗಂಡನ ವಿಷಯ ಕೇಳಿದವರಿಗೆ, "ಇದಾನೋ ಇಲ್ವೋ, ಅವ್ನನ್ನೇ ಕೇಳ್ಬೇಕು" ಎನ್ನುತ್ತಿದ್ದರು. ಹಾಗಾಗಿ ಇಡೀ ಬೀದಿಯ ರವಿಕೆ ಹೊಲಿಯುತ್ತಿದ್ದ ಅವರನ್ನು ಗೌರಿ ಹಬ್ಬಕ್ಕೆ ಯಾರೂ ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ನಾನೂ ಕರೆದವಳಲ್ಲ. ಆದರೆ ಹಬ್ಬ ಕಳೆದ ಮೇಲೆ ನಾವೆಲ್ಲ ನಮಗೆ ಬಂದ ಬ್ಲೌಸ್ ಪೀಸುಗಳನ್ನು ಅವರ ಮುಂದೆ ಹರಡುತ್ತಿದ್ದೆವು. ಅವರು ಒಂದನ್ನು ಎತ್ತಿ ಹಿಡಿದು, "ಈ ಪೀಸು ನಂಗೊತ್ತು. ಓದ್ ವರ್ಷ ಕೋರ್ಟ್‌ನೋರ ಮನೇಲಿತ್ತು, ಅದ್ರ ಹಿಂದಿನ್ ವರ್ಷ ನೀವೇ ಮೇಷ್ಟ್ರ ಮನೆಗೆ ಕೊಟ್ಟಿದ್ರಿ. ಪಾಪ, ಈ ಸಲನಾದ್ರೂ ಒಲ್ಸಿಬುಡಿ, ಸುತ್ತಿ ಸುತ್ತಿ ಸುಸ್ತಾಗೈತೆ" ಎನ್ನುತ್ತಿದ್ದರು.

ನಾನು ಮೊದಲ ಸಲ ಅವರ ಬಳಿ ಅಳತೆ ಕೊಡಲು ನಿಂತದ್ದು ಚೆನ್ನಾಗಿ ನೆನಪಿದೆ. ಹುಟ್ಟಿದ್ದು ತೋವಿನಕೆರೆಯಲ್ಲಾದರೂ ನಾನು ಬೆಳೆದದ್ದು ತುಮಕೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ. ಅಲ್ಲಿ ಸಿಸ್ಟರುಗಳು ಮೈ ಎಂಬ ಮಾತನ್ನೇ ಆಡುತ್ತಿರಲಿಲ್ಲ. ಸ್ನಾನದ ಮನೆಯಲ್ಲೂ ಪೆಟಿಕೋಟ್ ಬಿಚ್ಚದೆ ನೀರು ಹುಯ್ದುಕೊಳ್ಳಬೇಕಿತ್ತು. ಹಾಗೆ ಬೆಳೆದ ನನಗೆ ಟೈಲರ್ ಅಂಗಡಿ ಎಂದರೆ ಕಣ್ಣು ಮುಚ್ಚಿ ಉಸಿರು ಹಿಡಿದು ನಿಲ್ಲುವ ಜಾಗ. ಟೈಲರಮ್ಮ ಟೇಪು ಕೈಗೆ ತೆಗೆದುಕೊಂಡವರು ನನ್ನ ಮುಖ ನೋಡಿದರು. ಬಾಯಿಯ ಸೂಜಿಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟರು.

"ಮುಟ್ಲಾ ಅಮ್ಮಾ?"

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ತಾಯಿಯಾಗಲಿ, ಹೆರಿಗೆ ಆಸ್ಪತ್ರೆಯ ನರ್ಸುಗಳಾಗಲಿ, ಕಟ್ಟಿಕೊಂಡವರಾಗಲಿ ಕೇಳಿದ್ದಿಲ್ಲ. ಅವರು ಟೇಪು ಹಿಡಿದೇ ಕಾದರು. "ಬ್ಯಾಡ ಅಂದ್ರೆ ಅಳತೆ ಬ್ಲೌಸ್ ತಂದ್ಕೊಡಿ, ಅದ್ರ ಮ್ಯಾಲೆ ಕತ್ತರಿಸ್ತೀನಿ. ಅವಸ್ರ ಇಲ್ಲ" ಎಂದರು. ಕೊನೆಗೆ ನಾನು ಹೂಂ ಎಂದೆ. ಆಮೇಲೆ ಗಮನಿಸುತ್ತ ಬಂದೆ. ಎಂಟು ವರ್ಷದ ಹುಡುಗಿ ಲಂಗ ಹೊಲಿಸಲು ಬಂದರೂ ಅದೇ ಪ್ರಶ್ನೆ, ಹಲ್ಲಿಲ್ಲದ ಅಜ್ಜಿ ಬಂದರೂ ಅದೇ ಪ್ರಶ್ನೆ. ವಾರಕ್ಕೆ ಎರಡು ಸಲ ಬರುವವರನ್ನೂ ಪ್ರತಿ ಸಲ ಕೇಳುತ್ತಿದ್ದರು. "ದಿನಾ ಕೇಳ್ತೀರಲ್ರೀ, ನಾನೇನು ಹೊಸಬಳಾ?" ಎಂದು ಪಕ್ಕದ ಮನೆಯವರು ಒಮ್ಮೆ ರೇಗಿದರೆ, "ನಿನ್ನೆ ಹೂಂ ಅಂದಿದ್ದು ನಿನ್ನೇಗಾತು" ಎಂದು ಉತ್ತರ ಕೊಟ್ಟಿದ್ದರು.

ಹೊಲಿಗೆಯಲ್ಲೂ ಅವರದೇ ಒಂದು ರೀತಿ. ಬೇರೆ ಟೈಲರುಗಳು ಹೊಲಿಗೆಯ ಪಕ್ಕ ಉಳಿಯುವ ಬಟ್ಟೆಯನ್ನು ಕತ್ತರಿಸಿ ಬಿಸಾಡಿದರೆ ಇವರು ಎರಡು ಬೆರಳಷ್ಟು ಉಳಿಸಿ ಒಳಕ್ಕೆ ಮಡಚಿಡುತ್ತಿದ್ದರು. "ಎಂಗಸ್ರ ಮೈ ಒಂದೇ ಸಮ ಇರ್ತದಾ? ನಾಳೆ ಬಿಚ್ಚಿ ಸಡ್ಲ ಮಾಡ್ಕಬೌದು." ಅವರು ಹೊಲಿದ ಹನ್ನೆರಡು ವರ್ಷದ ಹಿಂದಿನ ರವಿಕೆ ಈಗಲೂ ನನಗೆ ಆಗುತ್ತದೆ.

ಎರಡು ತಿಂಗಳಿಗೊಮ್ಮೆ ಶಿರಾದಿಂದ ಬಸ್ಸಿನಲ್ಲಿ ಅವರ ಗೆಳತಿಯೊಬ್ಬಳು ಬರುತ್ತಿದ್ದಳು. ನಲವತ್ತರ ಆಸುಪಾಸು, ಹೊಳೆಯುವ ಸೀರೆ, ತಲೆ ತುಂಬ ಕಾಕಡ ಮಲ್ಲಿಗೆ, ಬೀದಿಯ ಕೊನೆಯವರೆಗೆ ಕೇಳುವ ನಗು. ಅಂಗಡಿಯಲ್ಲಿದ್ದ ಒಂದೇ ಕುರ್ಚಿಯನ್ನು ಟೈಲರಮ್ಮ ಅವಳಿಗೆ ಬಿಟ್ಟುಕೊಟ್ಟು ತಾವು ನೆಲದ ಮೇಲೆ ಕೂರುತ್ತಿದ್ದರು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಒಮ್ಮೆ ನಾನು ಮಜ್ಜಿಗೆ ಕೊಟ್ಟಾಗ ಅವಳು ಲೋಟವನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. ಅಷ್ಟೊಂದು ಎಚ್ಚರ ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಮೂಲೆ ಮನೆಯ ಯಜಮಾನರಿಗೆ ಅವಳ ಗುರುತು ಸಿಕ್ಕಿತು. ಅದೇ ಎಲ್ಲಕ್ಕೂ ಆರಂಭ. ಆ ಸೋಮವಾರದ ಹಿಂದಿನ ದಿನ, ಭಾನುವಾರ ಸಂಜೆ, ಅವರೂ ಪಕ್ಕದ ಮನೆಯ ದಂಪತಿಯೂ ನಮ್ಮ ಹಜಾರಕ್ಕೆ ಬಂದು ಕೂತರು.

"ಶಿರಾ ಹೈವೇಲಿ ಕಣ್ಣಾರೆ ನೋಡಿದೀನಿ ಸ್ವಾಮಿ," ಮೂಲೆ ಮನೆಯವರು ನಮ್ಮ ಯಜಮಾನರಿಗೆ ಹೇಳಿದರು. "ಆ ಡಾಬಾದ ಹತ್ರ ಲಾರಿಯೋರಿಗೆ ಕಾಯ್ತಾ ನಿಂತಿರ್ತಾಳೆ. ನಿಮ್ಮ ಟೈಲರಮ್ಮನೂ ಹಿಂದೆ ಅಲ್ಲೇ ಇದ್ದೋಳಂತೆ."

"ಹೆಣ್ಣುಮಕ್ಕಳಿರೋ ಬೀದಿ ಕಣ್ರೀ," ಪಕ್ಕದ ಮನೆಯಾಕೆ ನನ್ನ ಕಡೆ ತಿರುಗಿದರು. "ನಾಳೆ ನಮ್ಮ ಮಕ್ಕಳನ್ನ ನೋಡೋಕೆ ಬಂದೋರು ಕೆಳಗೆ ಯಾರಿದ್ದಾರೆ ಅಂತ ಕೇಳಿದ್ರೆ ಏನು ಹೇಳೋಣ?"

ನಮ್ಮ ಯಜಮಾನರು ಯಾರ ಜೊತೆಗೂ ನಿಷ್ಠುರ ಕಟ್ಟಿಕೊಳ್ಳುವವರಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು. ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು, ಎಲ್ಲಿತ್ತೋ ಆ ಧೈರ್ಯ, ಹೇಳಿಬಿಟ್ಟೆ. "ಟೈಲರಮ್ಮ ಅಂಥವರಲ್ಲ. ಒಂಬತ್ತು ವರ್ಷದಿಂದ ನೋಡ್ತಿದೀನಿ. ಖಂಡಿತ ಅಂಥವರಲ್ಲ."

ನಾನು ಹಾಗೆಲ್ಲ ನಾಲ್ಕು ಜನರ ಮುಂದೆ ಮಾತಾಡುವವಳಲ್ಲವಾದ್ದರಿಂದ ಮಾತಿಗೆ ತೂಕ ಬಂತು. ಸ್ವಲ್ಪ ಹೊತ್ತು ಪಿಸುಗುಟ್ಟಿಕೊಂಡರು. ಕೊನೆಗೆ ಪಕ್ಕದ ಮನೆಯಾಕೆ, "ಸರಿ, ಇವಳು ಇರ್ಲಿ. ಆ ಶಿರಾದೋಳು ಮಾತ್ರ ಈ ಬೀದಿಗೆ ಕಾಲಿಡಕೂಡದು" ಎಂದರು. ಎಲ್ಲರೂ ಒಪ್ಪಿ ಕಾಫಿ ಕುಡಿದರು. ಶಾಲೆಯಲ್ಲಿ ಮಾರಲ್ ಸೈನ್ಸಿಗೆ ಬಹುಮಾನ ಬಂದಾಗ ಆದಷ್ಟು ಖುಷಿ ನನಗಾಯಿತು. ಮೆಟ್ಟಿಲಿಳಿದು ಹೋಗಿ ಟೈಲರಮ್ಮನಿಗೆ ಎಲ್ಲವನ್ನೂ ಹೇಳಿದೆ. ನಾನು ಏನು ಹೇಳಿದೆ ಎಂಬುದನ್ನಂತೂ ಎರಡು ಸಲ ಹೇಳಿದೆ.

ಅವರು ಬಾಯಿಯಿಂದ ಒಂದೊಂದೇ ಸೂಜಿ ತೆಗೆದು ದಿಂಬಿಗೆ ಚುಚ್ಚಿದರು.

"ಅಂಥೋಳೇ ಕಣಮ್ಮ ನಾನು. ಅನ್ನೊಂದು ವರ್ಷ."

ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತುಬಿಟ್ಟೆ.

"ನೀವು ಒಳ್ಳೇದಕ್ಕೇ ಅಂದ್ರಿ, ಗೊತ್ತು. ಆದ್ರೆ ನೋಡಿ, ಅಂಥೋಳಲ್ಲ ಅದ್ಕೇ ಇರ್ಲಿ ಅಂದ್ರೆ, ಅಂಥೋಳಾಗಿದ್ರೆ ಓಡ್ಸಬೌದಿತ್ತು ಅಂತ ನೀವೇ ಒಪ್ಕಂಡಂಗಾತು. ಆಗ್ಲಿಲ್ವಾ? ಈ ಮಿಷನ್ನು ಆ ದುಡ್ಡಲ್ಲೇ ತಗಂಡಿದ್ದು. ಒಂಬತ್ತು ವರ್ಷದಿಂದ ನಿಮ್ಮೆಲ್ಲರ್ದೂ ಇದ್ರಾಗೇ ಒಲ್ದಿರೋದು. ಎಲ್ಲಾ ಬಿಚ್ಚಿಬುಡ್ತೀರಾ?"

ಕೋಪವಿರಲಿಲ್ಲ ಆ ಧ್ವನಿಯಲ್ಲಿ. ಕೋಪವಿದ್ದಿದ್ದರೆ ತೆಲುಗು ಬರುತ್ತಿತ್ತು. ನನ್ನ ಕಾನ್ವೆಂಟು ಬುದ್ಧಿ ಎಲ್ಲಿಗೆ ಹೋಗುತ್ತದೆ? ಪಶ್ಚಾತ್ತಾಪ ಪಟ್ಟವರನ್ನು ದೇವರು ಕ್ಷಮಿಸುತ್ತಾನೆ ಎಂದು ಕಲಿತವಳು ನಾನು. ಮೆಲ್ಲಗೆ ಕೇಳಿದೆ. "ನಿಮಗೆ ಪಶ್ಚಾತ್ತಾಪ ಆಗಿದೆ ಅಲ್ವಾ?"

ಅವರು ಸ್ವಲ್ಪ ಯೋಚಿಸಿದರು. "ಒಂದ್ಕಾಗೈತೆ. ಈ ಶಿರಾದೋಳು ಬತ್ತಾಳಲ್ಲ, ಅವ್ಳನ್ನ ಆ ಕೆಲ್ಸಕ್ಕೆ ಕರ್ಕಂಡೋಗಿದ್ದು ನಾನು. ಗಂಡ ಬುಟ್ಟೋಗಿದ್ದ, ಕೈಯಾಗೆ ಮಗು. ಬಾ, ನಾನಿದೀನಿ ಅಂದೆ. ನಾನು ಈಚೆ ಬಂದೆ, ಅವ್ಳು ಬರ್ಲಿಲ್ಲ. ನಾನು ಮಾಡಿದ್ದು ನನ್ ಮೈ, ನನ್ ಹೊಟ್ಟೆ. ಅದ್ನ ದೇವ್ರು ಕೇಳಿದ್ರೂ ಉತ್ರ ಕೊಡ್ತೀನಿ. ಅವ್ಳ ವಿಷ್ಯ ಕೇಳಿದ್ರೆ ನನ್ತಾವ ಉತ್ರ ಇಲ್ಲ. ಅವ್ಳು ಇಲ್ಲಿಗೆ ಬರ್ಬಾರ್ದು ಅಂದ್ರೆ ನಾನೂ ಇರಾಕಿಲ್ಲ ಕಣಮ್ಮ."

"ಮೂಲೆ ಮನೆಯವರಿಗೆ ಅವಳ ಗುರುತು ಹೇಗೆ ಸಿಕ್ತು ಅಂತ ನಾನೇ ಕೇಳ್ತೀನಿ," ನನಗೆ ರೋಷ ಬಂದಿತ್ತು.

"ಬ್ಯಾಡ ಬ್ಯಾಡ." ಥಟ್ಟನೆ ಕೈ ಅಡ್ಡ ಹಿಡಿದರು. "ಬಸ್ಸಾಗೆ ಓಗೋವಾಗ ನೋಡಿರ್ಬೌದು ಬುಡಿ. ಅವ್ರ ಎಂಡ್ರು ನನ್ ಗಿರಾಕಿ. ಆವಾಗ್ಲೂ ನಾನು ಗಿರಾಕಿ ಗುಟ್ಟು ಬುಟ್ಟುಕೊಟ್ಟೋಳಲ್ಲ, ಈವಾಗ್ಲೂ ಇಲ್ಲ."

ಆಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದೆ. ಮುಟ್ಟಲಾ ಎಂದು ಎಲ್ಲರನ್ನೂ ಕೇಳುತ್ತೀರಲ್ಲ, ಅದು ಅಲ್ಲಿಂದ ಬಂತಾ ಎಂದು.

"ಹೂಂ. ಅನ್ನೊಂದು ವರ್ಷದಾಗೆ ಒಬ್ನೇ ಒಬ್ಬ ಕೇಳ್ದ. ಲಾರಿ ಡ್ರೈವರು, ಕೋಲಾರದೋನೋ ಏನೋ. ದುಡ್ಡು ಕೊಟ್ಟಾದ್ ಮ್ಯಾಲೆ, ಮುಟ್ಲೇನಮ್ಮ ಅಂದ. ಏನನ್ನಿಸ್ತೋ, ಬ್ಯಾಡ ಅಂದೆ. ಅವ್ನು ಸರಿ ಅಂತ ಎದ್ದೋಗಿ ಎರ್ಡು ಟೀ ತಂದ. ಕುಡ್ದು ಓದ. ದುಡ್ಡೂ ವಾಪಸ್ ಕೇಳ್ಲಿಲ್ಲ. ಬ್ಯಾಡ ಅಂತ ಒಂದ್ ಮಾತೈತೆ ಅಂತ ನಂಗೆ ಅವತ್ತೇ ಕಣಮ್ಮ ಗೊತ್ತಾಗಿದ್ದು. ಇನ್ನೊಂದ್ ವರ್ಷ ಮಾಡ್ದೆ, ಆಮ್ಯಾಕೆ ಆಗ್ಲಿಲ್ಲ."

ಎದ್ದು ಹೊರಟವಳನ್ನು ಕರೆದು, "ಮ್ಯಾಲೆ ಓಗಿ ಇದ್ದದ್ನ ಇದ್ದಂಗೆ ಯೋಳಿ. ಮುಚ್ಚಿಕ್ಕಬ್ಯಾಡಿ" ಎಂದರು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ, "ಕೊರಟಗೆರೇಲಿ ಎಂಟು ತಿಂಗ್ಳಿದ್ದೆ, ಪಾವಗಡದಾಗೆ ಒಂದು ವರ್ಷ. ಗೊತ್ತಾದ ತಕ್ಷಣ ಕಳ್ಸಿದ್ರು. ಇಲ್ಲೇ ಜಾಸ್ತಿ ದಿನ ಆತು" ಎಂದು ಮೊಣಕಾಲು ನೀವಿಕೊಂಡರು. ಅವರಿಗಾಗ ಐವತ್ತು ದಾಟಿತ್ತು. ಪೆಡಲು ತುಳಿದು ತುಳಿದು ಬಲಗಾಲು ಊದಿಕೊಳ್ಳುತ್ತಿತ್ತು. ಇನ್ನೊಂದು ಊರಿನಲ್ಲಿ ಮತ್ತೆ ಮೊದಲ ರವಿಕೆಯಿಂದ ಶುರುಮಾಡುವ ಶಕ್ತಿ ಅವರಲ್ಲಿ ಉಳಿದಿಲ್ಲ ಎಂಬುದು ನನಗೆ ಕಾಣುತ್ತಿತ್ತು.

ಮೇಲೆ ಬಂದು, ಇನ್ನೂ ಹಜಾರದಲ್ಲೇ ಕೂತಿದ್ದವರಿಗೆ, ಆ ಶಿರಾದವಳು ಬರಬಾರದೆಂದರೆ ಟೈಲರಮ್ಮ ಇರುವುದಿಲ್ಲವಂತೆ ಎಂದಷ್ಟೇ ಹೇಳಿದೆ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಬೀದಿಯವರು ಎದ್ದರು. ಯಜಮಾನರು, "ಹಾಗಾದ್ರೆ ತಿಂಗಳ ಕೊನೆಗೆ ಖಾಲಿ ಮಾಡ್ಲಿ ಬಿಡಿ, ಮೊಬೈಲ್ ರಿಪೇರಿಯವನೊಬ್ಬ ರೂಮು ಕೇಳ್ತಿದ್ದ" ಎಂದರು. ಅಷ್ಟರಲ್ಲಿ ಮುಗಿಯಿತು.

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ಆ ಮೊಬೈಲ್ ರಿಪೇರಿಯವನ ಹೆಸರಿನ ಹೊಸ ಬಾಡಿಗೆ ಕರಾರು ಪತ್ರ ತಂದು ಮೇಜಿನ ಮೇಲಿಟ್ಟರು. ನಮ್ಮ ಮನೆ ನನ್ನ ಹೆಸರಿನಲ್ಲಿದೆ. ಸೈಟು ತೆಗೆದುಕೊಳ್ಳುವಾಗ, ಹೆಂಗಸರ ಹೆಸರಿನಲ್ಲಿದ್ದರೆ ಮುಂದಕ್ಕೆ ಒಳ್ಳೆಯದು ಎಂದು ಯಾರೋ ಹೇಳಿದರೆಂದು ಹಾಗೆ ಬರೆಸಿದ್ದರು. ಹಾಗಾಗಿ ಹನ್ನೊಂದು ತಿಂಗಳಿಗೊಮ್ಮೆ ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗದಲ್ಲಿ ಸಹಿ ಹಾಕುವುದು ನನ್ನ ಕೆಲಸ. ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರ. ನನ್ನ ಸಹಿ ನೋಡಿ ಪತ್ರ ಬರೆಯುವವರು ಹೊಗಳುತ್ತಾರಂತೆ. ಒಳಗೆ ಏನಿದೆ ಎಂದು ಓದಿದ್ದು ಮಾತ್ರ ಆ ದಿನವೇ ಮೊದಲು. ಮೂರೂ ಪುಟ ಓದಿ, ಪೆನ್ನಿನ ಕ್ಯಾಪ್ ಹಾಕಿ ಕೆಳಗಿಟ್ಟೆ.

"ಹಾಕಲ್ಲ."

"ಏನು?"

"ಸಹಿ ಹಾಕಲ್ಲ. ನಾನು ನಿನ್ನೆ ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದ್ದು, ಆದರೂ ಸುಳ್ಳೇ. ಟೈಲರಮ್ಮ ಹಿಂದೆ ಆ ಕೆಲಸ ಮಾಡ್ತಿದ್ರಂತೆ. ಈಗ ಬ್ಲೌಸ್ ಹೊಲಿತಾರೆ. ಆ ಶಿರಾದವರು ಈಗಲೂ ಮಾಡ್ತಾರೆ. ಬ್ಲೌಸ್ ಹೊಲಿಸ್ಕೊಳ್ಳೋಕೆ ಬರ್ತಾರೆ, ಬರ್ಲಿ."

"ತಲೆ ಕೆಟ್ಟಿದೆಯಾ ನಿಂಗೆ? ಬೀದಿಯವರಿಗೆ ನಾನು ಏನಂತ ಹೇಳ್ಲಿ?"

"ಹೀಗೇ ಹೇಳಿ."

ನಾನು ಪತ್ರವನ್ನು ಅವರ ಕಡೆಗೆ ಸರಿಸಿದೆ. ಮೂಲೆಯ ಮಂಚದಿಂದ ಅತ್ತೆ, "ಅವಳ ಹೆಸರಿಗೆ ಬರೆಸಿದೋನು ನೀನೇ ತಾನೇ? ಈಗ ಅನುಭವಿಸು" ಎಂದರು. ಅದು ನನ್ನ ಪರವೋ, ಮಗನನ್ನು ಚುಚ್ಚುವ ಎಂದಿನ ಚಟವೋ, ಇವತ್ತಿಗೂ ತಿಳಿದಿಲ್ಲ. ಯಜಮಾನರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅರ್ಧ ಗಂಟೆಯ ಮೇಲೆ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಆಗಲ್ಲಪ್ಪ. ಇಲ್ಲ ಇಲ್ಲ, ಬಾಡಿಗೆ ವಿಷಯ ಅಲ್ಲ. ಮನೆಯವರು ಒಪ್ತಿಲ್ಲ." ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಒಪ್ಪದ್ದರಿಂದ ಒಂದು ಕೆಲಸ ನಿಂತದ್ದು ಅದೇ ಮೊದಲು.

ಟೈಲರಮ್ಮ ಆಮೇಲೆ ಆರು ವರ್ಷ ನಮ್ಮ ಕೆಳಗೇ ಇದ್ದರು. ಮೂಲೆ ಮನೆಯಿಂದ ರವಿಕೆ ಬರುವುದು ಒಂದು ವರ್ಷ ನಿಂತು, ಮತ್ತೆ ಶುರುವಾಯಿತು. ಶಿರಾದ ಗೆಳತಿ ಬರುತ್ತಲೇ ಇದ್ದಳು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದು ಟೈಲರಮ್ಮ ತುಮಕೂರಿನ ಆಸ್ಪತ್ರೆ ಸೇರಿದಾಗ ಹದಿನೇಳು ದಿನ ಹಗಲೂ ರಾತ್ರಿ ಪಕ್ಕದಲ್ಲಿದ್ದವಳು ಅವಳೇ. ಕೊನೆಯ ದಿನಗಳಲ್ಲಿ ಒಮ್ಮೆ ಹೋಗಿದ್ದೆ. ಸೂಜಿ ಹಾಕಲು ಬಂದ ನರ್ಸು ಹುಡುಗಿ ಅವರ ಕೈ ಎಳೆದುಕೊಂಡಾಗ, "ಕೇಳ್ಬುಟ್ಟು ಮುಟ್ಟವ್ವ" ಎಂದರು. ಹುಡುಗಿ ನಕ್ಕು, "ಮುಟ್ಲಾ ಅಜ್ಜಿ?" ಎಂದಳು. "ಹೂಂ, ಈಗ ಮುಟ್ಟು." ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು.

ಆ ಕೆಲಸ ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ. ಅದನ್ನು ಮಾಡಿದವರು ನನ್ನ ಮನೆಯ ಕೆಳಗೆ ಇರಬಹುದೇ ಎಂದರೆ ಮಾತ್ರ ತಕ್ಷಣ ಹೇಳಬಲ್ಲೆ. ಅತ್ತೆ ಈಗ ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಅವರ ಮೈ ಒರೆಸುವ ಮೊದಲು ಬಟ್ಟೆ ಹಿಂಡಿ ಹಿಡಿದು, "ಮುಟ್ಟಲಾ ಅತ್ತೆ?" ಎನ್ನುತ್ತೇನೆ. ಕೆಲವು ದಿನ ಬೇಡ ಎನ್ನುತ್ತಾರೆ. ಕಾಯುತ್ತೇನೆ. ಟೈಲರಮ್ಮನಿಂದ ನನಗೆ ಬಂದದ್ದು ಇದು. ಅವರಿದ್ದಾಗ ಇದನ್ನು ಅವರಿಗೆ ಹೇಳಲಿಲ್ಲವಲ್ಲ ಎಂಬ ಕೊರಗು ಉಳಿದಿದೆ.

ಅವರನ್ನು ನೆನೆದಾಗಲೆಲ್ಲ ನಾನು ಆ ಸೋಮವಾರದ ಸಂಜೆಗೇ ಹೋಗಿ ನಿಲ್ಲುತ್ತೇನೆ. ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೆಟ್ಟದ ಬಂಡೆಯ ಮೇಲೆ ಇನ್ನೂ ಸ್ವಲ್ಪ ಬಿಸಿಲಿತ್ತು. ಕೆಳಗೆ ಮಿಷನ್ನು ಓಡುತ್ತಿತ್ತು. ಯಜಮಾನರು ಬೀದಿಯಲ್ಲಿ ನಿಂತು, ನಾನು ಹೇಳಿದಂತೆಯೇ, ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಒಳಗೆ ಹೋಗಿದ್ದರು. ಪಕ್ಕದ ತಾರಸಿಗೆ ಪಕ್ಕದ ಮನೆಯಾಕೆ ಬಂದರು. ಈಗ ಜಗಳ ಶುರುವಾಗುತ್ತದೆ ಎಂದು ನಾನು ಒಂದು ಸೀರೆಯನ್ನು ಎದೆಗವಚಿಕೊಂಡು ಸಿದ್ಧಳಾಗಿ ನಿಂತೆ. ಅವರು ಗೋಡೆಗೆ ಮೊಣಕೈ ಊರಿ ಕೆಳಗಿನ ಅಂಗಡಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಹಗ್ಗದ ಮೇಲಿನ ಟವೆಲು ಎಳೆದುಕೊಳ್ಳುತ್ತ ಹೇಳಿದರು.

"ರೀ, ಗುರುವಾರ ನಮ್ಮ ತಂಗಿ ಮಗಳ ನಿಶ್ಚಿತಾರ್ಥ. ನಂದೊಂದು ಹಸಿರು ಬ್ಲೌಸು ಅಲ್ಲೇ ಇದೆ, ಹುಕ್ಕು ಹಾಕೋದು ಬಾಕಿ. ಬುಧವಾರಕ್ಕೆ ಕೊಡ್ತಾಳಾ ಸ್ವಲ್ಪ ಕೇಳಿ ಹೇಳ್ರೀ."